ಬುತ್ತಿಯೊಡನೆ ಬಾನಿಗೆ

ನಮ್ಮ ಹಿರಿಯರು ದೂರದ ಊರಿಗೆ ಹೊರಡುವಾಗ ಮೊದಲು ಸಿದ್ಧವಾಗುತ್ತಿದ್ದುದು ಪೆಟ್ಟಿಗೆಯಲ್ಲ, ಬುತ್ತಿ. ಎತ್ತಿನ ಗಾಡಿಯ ಕಾಲದಲ್ಲಿ ಹೊಳೆಯ ದಂಡೆ ಕಂಡಲ್ಲಿ ಗಂಟು ಬಿಚ್ಚುತ್ತಿದ್ದರು. ರೈಲು ಬಂದ ಮೇಲೆ ಕಿಟಕಿಯ ಪಕ್ಕದಲ್ಲಿ ಬಿಚ್ಚಿದರು. ಗಾಡಿ ಯಾವುದಾದರೇನು, ಹಸಿವು ಒಂದೇ ಎಂಬುದು ಅವರ ಸಿದ್ಧಾಂತ. ವಿಮಾನದ ಕಾಲಕ್ಕೆ ಬಂದ ನಾವು ಮಾತ್ರ ಆ ಸಿದ್ಧಾಂತವನ್ನು ಮರೆತಂತೆ ಕಾಣುತ್ತದೆ. ಮರೆತುದಕ್ಕೆ ತೆರಬೇಕಾದ ದಂಡ ಎಷ್ಟೆಂಬುದನ್ನು ನಾನು 2025ರ ಬೇಸಿಗೆ ರಜೆಯಲ್ಲಿ, ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ, ಒಂದು ನಸುಕಿನ ಹೊತ್ತು ಕಲಿತೆನು. ಕಲಿಸಿದವಳು ನನ್ನ ತಾಯಿ.

ನನ್ನ ತಂಗಿಯ ಗಂಡ ಬ್ಯಾಂಕಿನ ನೌಕರ. ವರ್ಗವಾಗಿ ಕೋಲ್ಕತ್ತೆಯಲ್ಲಿದ್ದಾನೆ. ಅಲ್ಲಿನ ಲೇಕ್ ಮಾರ್ಕೆಟ್ಟಿನ ಸುತ್ತಮುತ್ತ ಬಹುಕಾಲದಿಂದ ದಕ್ಷಿಣದ ಸಂಸಾರಗಳು ನೆಲೆಸಿವೆ. ಕಾಫಿಪುಡಿಗೂ ಕರಿಬೇವಿಗೂ ಅಲ್ಲಿ ಬರವಿಲ್ಲ. ಬರವಿದ್ದುದು ಬಾಣಂತನಕ್ಕೆ. ತಂಗಿಗೆ ಗಂಡುಮಗುವಾಗಿ ಹದಿನೈದು ದಿನಗಳಾಗಿದ್ದುವು. ಅಮ್ಮ ಮಂಡ್ಯದಿಂದ ಹೊರಡಲೇಬೇಕಾಗಿದ್ದಿತು. ರೈಲಿನಲ್ಲಾದರೆ ಒಂದು ದಿನಕ್ಕೂ ಮೀರಿದ ಪ್ರಯಾಣ. ಅವಳ ಮಂಡಿನೋವೂ ಸಕ್ಕರೆ ಕಾಯಿಲೆಯೂ ಅದಕ್ಕೆ ಒಪ್ಪುವಂತಿರಲಿಲ್ಲ. ಆದುದರಿಂದ ಎರಡು ತಿಂಗಳು ಮುಂಚಿತವಾಗಿಯೇ, ಎಲ್ಲಕ್ಕಿಂತ ಅಗ್ಗವಾದ ದರದ, ಬೆಳಗಿನ 5 ಗಂಟೆ 40 ನಿಮಿಷಕ್ಕೆ ಹೊರಡುವ ವಿಮಾನದಲ್ಲಿ ಎರಡು ಸ್ಥಾನಗಳನ್ನು ಕಾದಿರಿಸಿದ್ದೆನು. ನಾನು ಅತಿಥಿ ಉಪನ್ಯಾಸಕ. ಅತಿಥಿಗೆ ಸತ್ಕಾರವಿರುವುದು ಪಾಠ ನಡೆಯುವ ತಿಂಗಳುಗಳಲ್ಲಿ ಮಾತ್ರ, ರಜೆಯಲ್ಲಿ ಸಂಬಳವಿಲ್ಲ. ಈ ಮಾತನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಮುಂದಿನ ಕಥೆಯೆಲ್ಲ ಇದರ ಸುತ್ತಲೇ ತಿರುಗುತ್ತದೆ.

ದೇವನಹಳ್ಳಿಯ ಬಯಲಿನಲ್ಲಿ

ಬೆಳಗಿನ ವಿಮಾನಕ್ಕೆ ಅಗ್ಗದ ಟಿಕೆಟ್ಟು ಕೊಂಡವನು ಹಿಂದಿನ ರಾತ್ರಿಯ ನಿದ್ರೆಯನ್ನು ಮಾರಬೇಕು. ಸಂಜೆಯ ರೈಲಿನಲ್ಲಿ ಬೆಂಗಳೂರಿಗೆ ಬಂದು, ಮೆಜೆಸ್ಟಿಕ್ಕಿನಲ್ಲಿ ವಾಯುವಜ್ರ ಬಸ್ಸನ್ನು ಹಿಡಿದೆವು. ನಗರದಿಂದ ಉತ್ತರಕ್ಕೆ ಸುಮಾರು 35 ಕಿಲೋಮೀಟರು. ಟಿಪ್ಪು ಸುಲ್ತಾನನ ಜನ್ಮಸ್ಥಳವೆಂದೂ ರಸಭರಿತವಾದ ಚಕ್ಕೋತ ಹಣ್ಣಿಗೆಂದೂ ಹೆಸರಾಗಿದ್ದ ದೇವನಹಳ್ಳಿ, 2008ರ ಮೇ 24ರಿಂದ ವಿಮಾನಗಳ ಊರಾಗಿದೆ. ಅಲ್ಲಿಯವರೆಗೆ ಹೆಚ್.ಎ.ಎಲ್. ನಿಲ್ದಾಣದಲ್ಲಿ ಇಳಿಯುತ್ತಿದ್ದ ಪ್ರಯಾಣಿಕರ ವಿಮಾನಗಳು ಅಂದಿನಿಂದ ಇಲ್ಲಿ ಇಳಿಯತೊಡಗಿದುವು. 2013ರಲ್ಲಿ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಾಯಿತು. 2022ರ ನವೆಂಬರಿನಲ್ಲಿ ಅವರ 108 ಅಡಿ ಎತ್ತರದ ಕಂಚಿನ ಪ್ರತಿಮೆ ಎದ್ದು ನಿಂತಿತು. ದೀಪಗಳ ಬೆಳಕಿನಲ್ಲಿ ಕತ್ತಿ ಹಿಡಿದು ನಿಂತ ನಾಡಪ್ರಭುವನ್ನು ಬಸ್ಸಿನ ಕಿಟಕಿಯಿಂದ ನೋಡಿ ಅಮ್ಮ ಕೈಮುಗಿದಳು.

“ಪೇಟೆ ಕಟ್ಟಿದ ಪುಣ್ಯಾತ್ಮ. ಇಷ್ಟು ದೂರ ಬಂದು ಒಬ್ಬನೇ ನಿಂತಿದಾನಲ್ಲೋ, ಪಾಪ!” ಎಂದಳು.

ರಾತ್ರಿಯ ಊಟವನ್ನು ನಿಲ್ದಾಣದ ಹೊರಗಿನ ಕಲ್ಲುಬೆಂಚಿನ ಮೇಲೆಯೇ ಮುಗಿಸಿದೆವು. ಮೊಸರನ್ನ, ನೆಂಚಿಕೊಳ್ಳಲು ಬಾಳಕದ ಮೆಣಸಿನಕಾಯಿ. ಪಕ್ಕದಲ್ಲಿ ನಿಂತಿದ್ದ ಟ್ಯಾಕ್ಸಿ ಚಾಲಕನೊಬ್ಬನು ನಮ್ಮನ್ನು ನೋಡಿ ಮೆಚ್ಚುಗೆಯಿಂದ ತಲೆಯಾಡಿಸಿದನು. “ಒಳ್ಳೇ ಕೆಲಸ ಮಾಡಿದ್ರಿ ಸಾರ್. ಆ ಗಾಜಿನ ಬಾಗಿಲು ದಾಟಿದ್ರೆ ಲೆಕ್ಕವೇ ಬೇರೆ” ಎಂದನು. ನಾನು ಜಂಬದಿಂದ ನಕ್ಕೆನು. ಬೆಳಗಿನ ಉಪಾಹಾರಕ್ಕೂ ಅಮ್ಮನ ಬಟ್ಟೆಯ ಚೀಲದಲ್ಲಿ ಸ್ಟೀಲಿನ ಡಬ್ಬಿಯ ತುಂಬ ಪುಳಿಯೋಗರೆ ಇದ್ದಿತು. ಗಾಜಿನ ಬಾಗಿಲಿನ ಲೆಕ್ಕ ನಮಗೆ ತಗಲುವುದಿಲ್ಲವೆಂದೇ ನನ್ನ ಎಣಿಕೆ.

ಏಳು ಕಿಲೋಗ್ರಾಮಿನ ಧರ್ಮಸಂಕಟ

ಅಗ್ಗದ ವಿಮಾನದಲ್ಲಿ ಎಲ್ಲಕ್ಕೂ ತೂಕವುಂಟು. ವಿಮಾನದ ಹೊಟ್ಟೆಗೆ ಹೋಗುವ ಸಾಮಾನು ತಲೆಗೆ 15 ಕಿಲೋಗ್ರಾಂ. ಕೈಯಲ್ಲಿ ಒಯ್ಯುವುದು 7 ಕಿಲೋಗ್ರಾಂ. ನಮ್ಮ ಪೆಟ್ಟಿಗೆಗಳಲ್ಲಿ ಇನ್ನೂ ಅವಕಾಶವಿದ್ದಿತು. ಆದರೆ ಅಮ್ಮನ ಕೈಚೀಲ ಒಂಬತ್ತನ್ನು ತೋರಿಸಿತು. ಕಟ್ಟೆಯ ಹಿಂದಿದ್ದ ತರುಣಿ, “ಎರಡು ಕೆ.ಜಿ. ತೆಗೆದು ಪೆಟ್ಟಿಗೆಗೆ ಹಾಕಿಬಿಡಿ ಸಾರ್” ಎಂದು ವಿನಯದಿಂದಲೇ ಹೇಳಿದಳು. ಹಿಂದೆ ಉದ್ದನೆಯ ಸಾಲು. ಅಮ್ಮ ಆಗ ತಾನೇ ಮುಖ ತೊಳೆಯಲು ಹೋಗಿದ್ದಳು. ನಾನು ಗಡಿಬಿಡಿಯಲ್ಲಿ ಕೈಚೀಲದ ಬಾಯಿ ತೆರೆದು, ಎಲ್ಲಕ್ಕೂ ಮೇಲಿದ್ದ ಬಟ್ಟೆಯ ಗಂಟೊಂದನ್ನು ಎತ್ತಿ ಪೆಟ್ಟಿಗೆಯಲ್ಲಿ ತುರುಕಿ ಬೀಗ ಹಾಕಿದೆನು. ತೂಕ ಸರಿಹೋಯಿತು. ಪೆಟ್ಟಿಗೆ ಚಲಿಸುವ ಪಟ್ಟಿಯ ಮೇಲೆ ಕುಲುಕುತ್ತ ಸಾಗಿ ರಬ್ಬರಿನ ಪರದೆಯ ಹಿಂದೆ ಮರೆಯಾಯಿತು.

ಭದ್ರತಾ ತಪಾಸಣೆಯಲ್ಲಿ ಅಮ್ಮನ ಕೈಚೀಲ ಯಂತ್ರದಿಂದ ಹೊರಬರುತ್ತಲೇ ಬೇರೆಯ ಸಾಲಿಗೆ ಸರಿಯಿತು. ಸಮವಸ್ತ್ರದ ಮಹಿಳೆಯೊಬ್ಬರು ಅದರೊಳಗಿಂದ ಹಳೆಯ ಪಂಚೆಯಲ್ಲಿ ಸುತ್ತಿದ ವಸ್ತುವೊಂದನ್ನು ಹೊರತೆಗೆದರು. ಅದು ಬಜೆ ತೇಯುವ ಕಲ್ಲು. ನಾನೂ ನನ್ನ ತಂಗಿಯೂ ಹಸುಗೂಸುಗಳಾಗಿದ್ದಾಗ ಬಜೆ, ಜಾಯಿಕಾಯಿ, ಅಳಲೆಕಾಯಿಗಳನ್ನು ತೇಯ್ದು ನಾಲಗೆಗೆ ನೆಕ್ಕಿಸಿದ ಕಲ್ಲು. ಆ ಮಹಿಳೆಗೆ ಕನ್ನಡ ಬಾರದು. ಅಮ್ಮನಿಗೆ ಹಿಂದಿ ಬಾರದು. ಅಮ್ಮ ಎರಡು ತೋಳುಗಳಲ್ಲಿ ಇಲ್ಲದ ಮಗುವನ್ನು ತೂಗಿ, ಬೆರಳನ್ನು ಕಲ್ಲಿನ ಮೇಲೆ ಸುತ್ತಿಸಿ, ಇಲ್ಲದ ಬಾಯಿಗೆ ನೆಕ್ಕಿಸಿ ತೋರಿಸಿದಳು. ಆ ಮಹಿಳೆಯ ಬಿಗಿದ ಮುಖ ಸಡಿಲವಾಯಿತು. ಕಲ್ಲನ್ನು ಎರಡು ಕೈಗಳಿಂದ ಹಿಂದಕ್ಕೆ ಕೊಟ್ಟರು.

ಗೆದ್ದೆವೆಂಬ ಸಂತೋಷದಲ್ಲಿ ಒಳಗೆ ಹೋಗಿ ಕುಳಿತೆವು. ಗಂಟೆ 4 ದಾಟಿ 20 ನಿಮಿಷ. ವಿಮಾನ ಏರುವುದಕ್ಕೆ ಮುಂಚೆ ಹೊಟ್ಟೆಗೆ ಹಾಕಿಕೊಳ್ಳುವುದೊಳ್ಳೆಯದೆಂದು ಅಮ್ಮ ಊಟಕ್ಕೆ ಮುಂಚೆ ನುಂಗುವ ತನ್ನ ಮಾತ್ರೆಯನ್ನು ನುಂಗಿ, ನೀರು ಕುಡಿದು, ಪುಳಿಯೋಗರೆಗಾಗಿ ಚೀಲಕ್ಕೆ ಕೈ ಹಾಕಿದಳು. ಪಂಚೆ ಸಿಕ್ಕಿತು, ಕಲ್ಲು ಸಿಕ್ಕಿತು, ಡಬ್ಬಿ ಸಿಕ್ಕಲಿಲ್ಲ.

ವಾಚಕರು ಇಷ್ಟು ಹೊತ್ತಿಗೆ ಊಹಿಸಿರಬಹುದು. ಕಲ್ಲು ನಮ್ಮೊಡನೆ ಒಳಗೆ ಬಂದಿತ್ತು. ಅನ್ನ ವಿಮಾನದ ಹೊಟ್ಟೆಗೆ ಹೋಗಿತ್ತು.

ದರಪಟ್ಟಿಯ ಮುಂದೆ

“ಹೋಗಲಿ ಬಿಡಮ್ಮ, ಇಲ್ಲೇ ಏನಾದರೂ ಕೊಂಡರಾಯಿತು” ಎಂದು ಇಬ್ಬರೂ ಎದ್ದೆವು. ಆ ಹೊತ್ತಿನಲ್ಲಿಯೂ ಅಲ್ಲಿ ಹಗಲು. ಸುತ್ತಲೂ ಉಪಾಹಾರದ ಮಳಿಗೆಗಳು. ಬೆಂಗಳೂರಿನವರಿಗೆ ನಿಂತು ತಿನ್ನುವುದು ಹೊಸತಲ್ಲ. 1980ರ ದಶಕದಲ್ಲಿ ಜಯನಗರದಲ್ಲಿ ಮೊದಲಾದ ದರ್ಶಿನಿಗಳು, ಮಾಣಿಯಿಲ್ಲದೆ, ಮೇಜು ಕುರ್ಚಿಗಳ ಆಡಂಬರವಿಲ್ಲದೆ, ಇಡ್ಲಿಯ ಬೆಲೆಯನ್ನು ಎಲ್ಲರ ಕೈಗೆಟಕುವಂತೆ ಇಳಿಸಿದುವು. ಇಲ್ಲಿಯೂ ಮಾಣಿಯಿಲ್ಲ, ಇಲ್ಲಿಯೂ ಚೀಟಿ ಹಿಡಿದು ನಿಲ್ಲಬೇಕು. ಆದರೆ ಬೆಲೆ ಮಾತ್ರ ದರ್ಶಿನಿಯ ಮೆಟ್ಟಿಲನ್ನು ಎಂದೂ ತುಳಿದುದಲ್ಲ. ಹೆಸರು ಬೇಡದ ಒಂದು ಮಳಿಗೆಯ ಎದುರು ನಿಂತು ಹೊಳೆಯುವ ದರಪಟ್ಟಿಯನ್ನು ಓದಿದೆನು. ಕಾಫಿಯಿಂದ ಹಿಡಿದು ಎಲ್ಲವೂ ಮೂರಂಕಿ.

ಅಮ್ಮನೂ ಓದಿದಳು. ಓದಿದವಳು ನನ್ನ ಮುಖವನ್ನು ನೋಡಲಿಲ್ಲ, ಗಡಿಯಾರವನ್ನು ನೋಡಿದಳು.

“ನನಗೇನೂ ಹಸಿವಿಲ್ಲ ಮಗು. ರಾತ್ರಿ ಮೊಸರನ್ನ ಹೆಚ್ಚಾಗಿ ತಿಂದುಬಿಟ್ಟೆ. ಇನ್ನೇನು, ಕೂತರೆ ಎರಡೂವರೆ ಗಂಟೆಯಲ್ಲಿ ಅವಳ ಮನೆ. ಸುಮ್ಮನೆ ಬಾ” ಎಂದಳು.

ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಅವಳು ಮಾತ್ರೆ ನುಂಗಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೆನು. ಮಾತ್ರೆ ನುಂಗಿ ಉಪವಾಸವಿರಬಾರದೆಂದು ವೈದ್ಯರು ಹೇಳಿದುದೂ ನೆನಪಿನಲ್ಲಿದ್ದಿತು. ಆದರೂ ಅವಳು ಬೇಡವೆಂದಾಗ ನನ್ನ ಮನಸ್ಸಿನ ಯಾವುದೋ ಒಂದು ಮೂಲೆಗೆ ಸಮಾಧಾನವಾಯಿತು. ಒಂದು ಸಲ ಕೇಳಿದೆನು, ಎರಡನೆಯ ಸಲ ಕೇಳಿದೆನು. ಮೂರನೆಯ ಸಲ ಕೇಳಲಿಲ್ಲ.

ನಾವು ಬಂದು ಕುಳಿತ ಹತ್ತು ನಿಮಿಷಕ್ಕೆ ಪ್ರಕಟಣೆ ಬಂದಿತು. ನಮ್ಮ ವಿಮಾನ 7 ಗಂಟೆ 40 ನಿಮಿಷಕ್ಕೆ ಹೊರಡುವುದಂತೆ.

ವಿಮಾನ ತಡವಾದರೆ ಪ್ರಯಾಣಿಕರಿಗೆ ಉಪಾಹಾರ ಕೊಡಬೇಕೆಂಬ ನಿಯಮ ನಮ್ಮ ದೇಶದಲ್ಲಿ ಉಂಟು. ಆದರೆ ಅದಕ್ಕೆ ಮೆಟ್ಟಿಲುಗಳಿವೆ. ಎರಡೂವರೆ ಗಂಟೆಯೊಳಗಿನ ಹಾರಾಟಕ್ಕೆ ಎರಡು ಗಂಟೆ ತಡವಾದರೆ ಸಾಕು. ಅದಕ್ಕೂ ದೀರ್ಘವಾದ, ಐದು ಗಂಟೆಯವರೆಗಿನ ಹಾರಾಟಕ್ಕೆ ಮೂರು ಗಂಟೆ ತಡವಾಗಬೇಕು. ಕೋಲ್ಕತ್ತೆಯ ಹಾರಾಟ ಎರಡೂವರೆ ಗಂಟೆಯ ಗೆರೆಯನ್ನು ಸ್ವಲ್ಪವೇ ದಾಟುತ್ತದೆ. ನಮಗೆ ತಡವಾದುದು ಎರಡು ಗಂಟೆ. ನ್ಯಾಯವಾಗಿ ನಮಗೆ ಏನೂ ಸಲ್ಲತಕ್ಕುದಿರಲಿಲ್ಲ.

ಮೂರು ಪೊಟ್ಟಣ ಸಕ್ಕರೆ

ಐದೂಕಾಲರ ಸುಮಾರಿಗೆ ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಹವಾನಿಯಂತ್ರಣದ ಚಳಿಗೆ ನಾನು ಕೈಗಳನ್ನು ಮಡಿಸಿಕೊಂಡು ಕುಳಿತಿದ್ದೆನು. ಅವಳ ಹಣೆಯಲ್ಲಿ ಬೆವರು. “ಏನಮ್ಮ?” ಎಂದರೆ, “ದೀಪ ಹಚ್ಚಿದೆಯೇನೋ?” ಎಂದಳು. ಕೈ ಹಿಡಿದು ನೋಡಿದೆನು, ಬೆರಳುಗಳು ನಡುಗುತ್ತಿದ್ದುವು. ಎರಡನೆಯ ಸಲ ಕರೆದಾಗ ನನ್ನನ್ನು ತಂದೆಯವರ ತಮ್ಮನ ಹೆಸರಿನಿಂದ ಕರೆದಳು.

ಕುರ್ಚಿಯಿಂದ ಮಳಿಗೆಗೆ ಮೂವತ್ತು ಹೆಜ್ಜೆ ಇರಬಹುದು. ಹೇಗೆ ದಾಟಿದೆನೋ ತಿಳಿಯದು. ಅಲ್ಲಿ ಐದಾರು ಮಂದಿಯ ಸಾಲು. ನಾನು ಸಾಲನ್ನು ಮುರಿದು ಮುಂದೆ ನುಗ್ಗಿ, “ಅಮ್ಮನಿಗೆ ಸಕ್ಕರೆ ಇಳಿದಿದೆ” ಎಂದಷ್ಟೇ ಹೇಳಿದೆನು. ಕಟ್ಟೆಯ ಹಿಂದಿದ್ದ ಹುಡುಗಿ ಒಂದು ಮಾತನ್ನೂ ಕೇಳಲಿಲ್ಲ. ಕಾಫಿಯ ಜೊತೆಗೆ ಕೊಡುವ ಸಕ್ಕರೆಯ ಸಣ್ಣ ಪೊಟ್ಟಣಗಳನ್ನು ಹಿಡಿಯಷ್ಟು ಬಾಚಿಕೊಂಡು, ಒಂದು ಕಾಗದದ ಲೋಟವನ್ನೂ ತೆಗೆದುಕೊಂಡು, ನನಗಿಂತ ಮುಂದಾಗಿ ಓಡಿದಳು. ದಾರಿಯಲ್ಲಿ ಎಲ್ಲರಿಗೂ ಪುಕ್ಕಟೆಯಾಗಿ ಒದಗಿಸಿದ್ದ ಕುಡಿಯುವ ನೀರಿನ ನಲ್ಲಿ. ಲೋಟ ತುಂಬಿಸಿ, ಮೂರು ಪೊಟ್ಟಣ ಹರಿದು ಕಲಕಿ, ಅಮ್ಮನ ತುಟಿಗೆ ಹಿಡಿದಳು.

ಇಂತಹ ಸಮಯದಲ್ಲಿ ಮಾಡಬೇಕಾದುದು ಅದೇ ಎಂದು ಆಮೇಲೆ ನಮ್ಮ ವೈದ್ಯರು ಹೇಳಿದರು. ರಕ್ತದ ಸಕ್ಕರೆ ಇಳಿದವರಿಗೆ, ನುಂಗುವ ಎಚ್ಚರವಿದ್ದರೆ, ಸುಮಾರು 15 ಗ್ರಾಂ ಸಕ್ಕರೆಯನ್ನು, ಅಂದರೆ ಮೂರು ಚಿಕ್ಕ ಚಮಚದಷ್ಟನ್ನು, ನೀರಿನಲ್ಲಿ ಕದಡಿ ಕೊಡಬೇಕು. 15 ನಿಮಿಷ ಕಾದು ನೋಡಬೇಕು. ಸರಿಹೋಗದಿದ್ದರೆ ಮತ್ತೊಮ್ಮೆ ಕೊಡಬೇಕು. ಸರಿಹೋದ ಮೇಲೆ ಹೊಟ್ಟೆಗೆ ಅನ್ನವೋ ರೊಟ್ಟಿಯೋ ಬೀಳಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ವೈದ್ಯರ ನೆರವನ್ನು ಪಡೆಯಬೇಕು. ಇಷ್ಟನ್ನು ಮಧುಮೇಹಿಗಳಿರುವ ಪ್ರತಿಯೊಂದು ಮನೆಯವರೂ ತಿಳಿದಿರತಕ್ಕದ್ದು.

ಹತ್ತು ನಿಮಿಷದಲ್ಲಿ ಬೆವರು ನಿಂತಿತು. ಅಮ್ಮ ಕಣ್ಣು ಬಿಟ್ಟು ಆ ಹುಡುಗಿಯನ್ನು ನೋಡಿ, “ಯಾವೂರಮ್ಮ ನಿಂದು?” ಎಂದಳು. ಜೀವ ಮರಳಿದ ಗುರುತು ಅದೇ. ಇಲ್ಲಿಯೇ ಪಕ್ಕದ ವಿಜಯಪುರವಂತೆ. ರಾತ್ರಿ ಪಾಳಿ.

“ನೀನು ಏನು ತಿಂದೆ?”

“ಮನೆಯಿಂದ ಡಬ್ಬಿ ತರ್ತೀನಿ ಅಜ್ಜಿ. ಇಲ್ಲಿ ಕೊಂಡು ತಿಂದ್ರೆ ಸಂಬಳ ಉಳಿಯುತ್ತಾ?” ಎಂದು ನಕ್ಕು, ಆಕೆ ತನ್ನ ಸಾಲಿನ ಕಡೆಗೆ ಓಡಿದಳು. ಆ ಸಾಲಿನಲ್ಲಿದ್ದ ಒಬ್ಬರೂ ತಡವಾಯಿತೆಂದು ಗೊಣಗಲಿಲ್ಲವೆಂಬುದನ್ನೂ ಇಲ್ಲಿ ಬರೆಯಬೇಕು.

ನಾನು ಈಗ ದರಪಟ್ಟಿಯನ್ನು ನೋಡದೆ ಒಂದು ತಟ್ಟೆ ಇಡ್ಲಿ-ವಡೆ, ಒಂದು ಸಕ್ಕರೆಯಿಲ್ಲದ ಕಾಫಿ ತಂದೆನು. ತೆರಿಗೆಯೂ ಸೇರಿ 437 ರೂಪಾಯಿ. ಅಮ್ಮ ಇಡ್ಲಿಯನ್ನು ಮುರಿಯುತ್ತ, “ಎಷ್ಟೋ ಇದಕ್ಕೆ?” ಎಂದಳು.

“ತೊಂಬತ್ತು ರೂಪಾಯಿ” ಎಂದೆನು.

“ಪರವಾಗಿಲ್ಲ, ಅಗ್ಗವೇ” ಎಂದಳು. ವಡೆಯನ್ನು ನನ್ನ ಕಡೆಗೆ ತಳ್ಳಿದಳು. ತಟ್ಟೆಯ ಕೆಳಗಿದ್ದ ಚೀಟಿಯನ್ನು ಮಡಿಸಿ ಸೊಂಟದ ಚೀಲಕ್ಕೆ ಸೇರಿಸಿದುದನ್ನು ನಾನು ಗಮನಿಸಲಿಲ್ಲ.

ಬೆಲೆಯ ಒಳಗುಟ್ಟು

ವಿಮಾನದಲ್ಲಿ ಅಮ್ಮ ನಿದ್ರಿಸಿದಳು. ನಾನು ಕಿಟಕಿಯ ಹೊರಗಿನ ಮೋಡಗಳನ್ನು ನೋಡುತ್ತ ಆ 437 ರೂಪಾಯಿಗಳ ಬಗೆಗೇ ಯೋಚಿಸುತ್ತಿದ್ದೆನು. ಊರಿನಲ್ಲಿ ಆ ದುಡ್ಡಿಗೆ ಇಡೀ ಸಂಸಾರ ತಿನ್ನಬಹುದು. 2017ರಲ್ಲಿ ಸರ್ಕಾರ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನುಗಳನ್ನು ತೆರೆದಾಗ ಬೆಳಗಿನ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಗೊತ್ತುಮಾಡಿತ್ತು. ಅಷ್ಟು ಅಗ್ಗವನ್ನು ಎಲ್ಲೆಡೆಯೂ ನಿರೀಕ್ಷಿಸಲಾಗದು, ನಿಜ. ಆದರೆ ಗಾಜಿನ ಬಾಗಿಲಿನ ಈಚೆಗೂ ಆಚೆಗೂ ಇಷ್ಟು ಅಂತರವೇಕೆ? ಮನೆಗೆ ಹಿಂದಿರುಗಿದ ಮೇಲೆ ಕಾರಣವನ್ನು ಹುಡುಕಿ ಓದಿದೆನು.

ವಿಮಾನ ನಿಲ್ದಾಣಕ್ಕೆ ಎರಡು ಬಗೆಯ ವರಮಾನ. ವಿಮಾನಗಳು ಇಳಿಯುವುದಕ್ಕೆ, ನಿಲ್ಲುವುದಕ್ಕೆ, ಪ್ರಯಾಣಿಕರು ನಿಲ್ದಾಣವನ್ನು ಬಳಸುವುದಕ್ಕೆ ತೆರುವ ಶುಲ್ಕ ಒಂದು. ದೊಡ್ಡ ನಿಲ್ದಾಣಗಳಲ್ಲಿ ಇದನ್ನು ಗೊತ್ತುಮಾಡುವುದಕ್ಕೆ 2008ರ ಕಾಯಿದೆಯ ಮೇರೆಗೆ ಏರ್ಪಟ್ಟ ಪ್ರಾಧಿಕಾರವೊಂದು ಇದೆ. ಅಂಗಡಿ, ಉಪಾಹಾರ, ಜಾಹೀರಾತು, ವಾಹನ ನಿಲುಗಡೆಗಳಿಂದ ಬರುವುದು ಎರಡನೆಯದು. 2016ರ ರಾಷ್ಟ್ರೀಯ ನಾಗರಿಕ ವಿಮಾನಯಾನ ನೀತಿಯಂತೆ ಈ ಎರಡನೆಯ ವರಮಾನದಲ್ಲಿ ನೂರಕ್ಕೆ 30 ಭಾಗವನ್ನು ಮೊದಲನೆಯ ಶುಲ್ಕವನ್ನು ತಗ್ಗಿಸಲು ಲೆಕ್ಕ ಹಿಡಿಯಬೇಕು. ಎಂದರೆ, ದುಬಾರಿಯ ಕಾಫಿಯಲ್ಲಿ ಒಂದೆರಡು ಗುಟುಕು ನಮ್ಮ ಟಿಕೆಟ್ಟಿನ ಲೆಕ್ಕಕ್ಕೇ ಜಮೆಯಾಗುತ್ತದೆ. ಮಳಿಗೆಯವನಾದರೋ ನಿಲ್ದಾಣಕ್ಕೆ ತನ್ನ ಪಾಲನ್ನು ತೆರಬೇಕು. ಅಕ್ಕಿ ಬೇಳೆಗಳನ್ನೂ ತಪಾಸಣೆ ಮಾಡಿಸಿಯೇ ಒಳಗೆ ತರಬೇಕು. ಹಗಲೂ ರಾತ್ರಿಯೂ ಆಳುಗಳನ್ನು ಇಡಬೇಕು. ಇನ್ನು ಕೊಳ್ಳುವವನು ಬೇರೆ ಅಂಗಡಿಗೆ ಹೋಗುವಂತಿಲ್ಲ. ಜಾತ್ರೆಯಲ್ಲಿ ನೀರು ಮಾರುವವನಿಗೂ ತಿಳಿದ ಸೂತ್ರವಿದು.

ಕಾನೂನು ಕೈಕಟ್ಟಿ ಕುಳಿತಿಲ್ಲ. ಒಂದೇ ಬಗೆಯ ಪೊಟ್ಟಣದ ಮೇಲೆ ಒಂದೊಂದು ಸ್ಥಳಕ್ಕೆ ಒಂದೊಂದು ಗರಿಷ್ಠ ಬೆಲೆಯನ್ನು ಮುದ್ರಿಸಬಾರದೆಂಬ ನಿಯಮ 2018ರ ಜನವರಿ 1ರಿಂದ ಜಾರಿಯಲ್ಲಿದೆ. ಆದರೆ ಇಡ್ಲಿಯ ಮೇಲೆ ಬೆಲೆಯನ್ನು ಮುದ್ರಿಸುವವರಾರು?

ವಿಮಾನದಲ್ಲಿ ಪುಕ್ಕಟೆ ಊಟ ನಿಂತುದಾದರೂ ಹೇಗೆ ಎಂಬುದಕ್ಕೆ ನಮ್ಮ ನಾಡಿಗೆ ಸೇರಿದ ಕಥೆಯೇ ಉಂಟು. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥರು 2003ರಲ್ಲಿ ಏರ್ ಡೆಕ್ಕನ್ ಸಂಸ್ಥೆಯನ್ನು ಹಾರಿಸಿದಾಗ, ಊಟೋಪಚಾರಗಳನ್ನು ಟಿಕೆಟ್ಟಿನಿಂದ ಬಿಡಿಸಿ, ಬೇಕಾದವರು ಕೊಂಡು ತಿನ್ನಲಿ ಎಂದರು. ದರ ಇಳಿಯಿತು, ಒಂದು ರೂಪಾಯಿಯ ಟಿಕೆಟ್ಟಿನ ಸುದ್ದಿ ದೇಶದಲ್ಲೆಲ್ಲ ಹಬ್ಬಿತು. ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣರ ‘ಶ್ರೀಸಾಮಾನ್ಯ’ನೇ ಆ ಸಂಸ್ಥೆಯ ಲಾಂಛನ. ಆ ಸಂಸ್ಥೆ ಕೆಲವೇ ವರ್ಷಗಳಲ್ಲಿ ಬೇರೊಂದರಲ್ಲಿ ಲೀನವಾಯಿತು. ಅದು ಹಾಕಿದ ದಾರಿ ಉಳಿಯಿತು. ಚೌಕಳಿ ಅಂಗಿಯ ಶ್ರೀಸಾಮಾನ್ಯನು ಆ ದಾರಿಯಲ್ಲಿ ವಿಮಾನವೇರಿದ್ದೇನೋ ಸರಿ. ಬುತ್ತಿಯನ್ನು ಮರೆತು ಬಂದರೆ ಅವನಿಗೆ ಏನು ಗತಿ ಎಂಬುದೇ ಉಳಿದ ಪ್ರಶ್ನೆ.

ಹೊರಡುವವರಿಗೆ ನಾಲ್ಕು ಮಾತು

ನನ್ನಂತೆಯೇ ಎಣಿಸಿ ಖರ್ಚುಮಾಡುವ ಸಂಸಾರಗಳ ಉಪಯೋಗಕ್ಕಾಗಿ ನಾನು ಕಲಿತುದನ್ನು ಹೇಳುತ್ತೇನೆ. ಮೊದಲನೆಯದು, ಹೊಟ್ಟೆಯನ್ನು ಸಾಧ್ಯವಾದಷ್ಟೂ ಊರಿನಲ್ಲಿಯೇ ತುಂಬಿಸಿಕೊಂಡು ಹೊರಡಿರಿ. ಎರಡನೆಯದು, ದೇಶದೊಳಗಿನ ಪ್ರಯಾಣದಲ್ಲಿ ಮನೆಯ ತಿಂಡಿಯನ್ನು ಕೈಯಲ್ಲಿ ಒಯ್ಯುವುದಕ್ಕೆ ಅಡ್ಡಿಯಿಲ್ಲ. ಆದರೆ ಸಾರು, ಸಾಂಬಾರುಗಳ ಗೊಡವೆ ಬೇಡ. ಪುಳಿಯೋಗರೆ, ಚಪಾತಿ, ಕೋಡುಬಳೆ, ಅವಲಕ್ಕಿಗಳಂತಹ ಒಣ ಪದಾರ್ಥಗಳು ಉತ್ತಮ. ಎಣ್ಣೆ ತೇಲುವ ಉಪ್ಪಿನಕಾಯಿಯನ್ನೂ ತೆಂಗಿನಕಾಯಿಯನ್ನೂ ಕೈಚೀಲದಲ್ಲಿ ಇಟ್ಟು ತಪಾಸಣೆಯವರೊಡನೆ ವಾದಿಸಬೇಡಿರಿ. ಮೂರನೆಯದು, ಖಾಲಿ ನೀರಿನ ಸೀಸೆಯೊಂದಿರಲಿ. ತಪಾಸಣೆ ಮುಗಿದ ಮೇಲೆ ಒಳಗಿನ ನಲ್ಲಿಯಲ್ಲಿ ತುಂಬಿಸಿಕೊಂಡರೆ ನೀರಿಗೆ ಕಾಸು ಕೊಡಬೇಕಾಗಿಲ್ಲ. ನಾಲ್ಕನೆಯದು, ಎಲ್ಲಕ್ಕೂ ಮುಖ್ಯವಾದುದು: ಮಧುಮೇಹವಿರುವವರು ಕೈಗೆ ಅನ್ನ ಬಂದ ಮೇಲೆಯೇ ಮಾತ್ರೆಯನ್ನು ತೆಗೆಯಲಿ, ಸಕ್ಕರೆಯ ನಾಲ್ಕು ಪೊಟ್ಟಣಗಳು ಜೇಬಿನಲ್ಲಿರಲಿ. ತೂಕ ಹೆಚ್ಚಾಗಿ ಏನನ್ನಾದರೂ ಪೆಟ್ಟಿಗೆಗೆ ಸಾಗಿಸಬೇಕಾಗಿ ಬಂದರೆ, ಗಂಟನ್ನು ಬಿಚ್ಚಿ ನೋಡಿ ಸಾಗಿಸಿರಿ.

ಡಂಡಂನ ಚಹಾ

ಕೋಲ್ಕತ್ತೆಯಲ್ಲಿ ಪೆಟ್ಟಿಗೆ ಬಿಚ್ಚಿದಾಗ ಪುಳಿಯೋಗರೆ ಕೆಟ್ಟಿರಲಿಲ್ಲ. ತಂಗಿ ಡಬ್ಬಿಯನ್ನು ಬರಿದು ಮಾಡಿದಳು. ಕಲ್ಲು ಅಂದು ಸಂಜೆಯಿಂದಲೇ ತನ್ನ ಕೆಲಸಕ್ಕೆ ತೊಡಗಿತು. ನಾನು ಒಂದು ವಾರವಿದ್ದು, ಅಮ್ಮನನ್ನು ಅಲ್ಲಿಯೇ ಬಿಟ್ಟು ಒಬ್ಬನೇ ಹಿಂದಿರುಗಿದೆನು.

ಡಂಡಂನ ವಿಮಾನ ನಿಲ್ದಾಣ ಹಳೆಯದು, 1924ರಲ್ಲಿ ಆರಂಭವಾದುದು. 1995ರಿಂದ ಅದಕ್ಕೆ ನೇತಾಜಿ ಸುಭಾಷ್ ಚಂದ್ರ ಬೋಸರ ಹೆಸರು. 2013ರಲ್ಲಿ ತೆರೆದ ಹೊಸ ಕಟ್ಟಡದ ಛಾವಣಿಯ ತುಂಬ ಬಂಗಾಳಿ ಅಕ್ಷರಗಳು. ಕನ್ನಡದ ಅಧ್ಯಾಪಕನಾದ ನನಗೆ ಅಸೂಯೆಯಾಗದಿರಲಿಲ್ಲ. ಆದರೆ ನಾನು ನೋಡಬೇಕೆಂದಿದ್ದುದು ಛಾವಣಿಯನ್ನಲ್ಲ. ನಿಲ್ದಾಣದ ಶತಮಾನೋತ್ಸವದ ಸಂದರ್ಭದಲ್ಲಿ, 2024ರ ಡಿಸೆಂಬರಿನಲ್ಲಿ, ಕೇಂದ್ರ ವಿಮಾನಯಾನ ಸಚಿವರು ಇಲ್ಲಿ ‘ಉಡಾನ್ ಯಾತ್ರಿ ಕೆಫೆ’ ಎಂಬ ಅಗ್ಗದ ಉಪಾಹಾರದ ಕಟ್ಟೆಯೊಂದನ್ನು ತೆರೆದರು. ದೇಶದಲ್ಲಿ ಅದೇ ಮೊದಲನೆಯದು. ವಿಮಾನ ನಿಲ್ದಾಣದ ಬೆಲೆಗಳ ಮಾತು ರಾಜ್ಯಸಭೆಯಲ್ಲಿಯೂ ಎದ್ದ ಕಾಲವದು. ಎರಡನೆಯ ಕಟ್ಟೆ 2025ರ ಫೆಬ್ರವರಿಯಲ್ಲಿ ಚೆನ್ನೈಯಲ್ಲಿ ಬಂದಿತು. ಆರಂಭದಲ್ಲಿ ಗೊತ್ತುಮಾಡಿದ ದರ ಹೀಗೆ: ನೀರಿನ ಸೀಸೆ 10 ರೂಪಾಯಿ, ಚಹಾ 10, ಕಾಫಿ 20, ಸಮೋಸ 20, ಒಂದು ಸಿಹಿ 20.

ಕಟ್ಟೆ ಚಿಕ್ಕದು, ಸಾಲು ದೊಡ್ಡದು. ಸಾಲಿನಲ್ಲಿ ಸೂಟು ತೊಟ್ಟವರೂ ಇದ್ದರು. ಗಂಟನ್ನು ಹೆಗಲಿಗೆ ಹಾಕಿಕೊಂಡ, ದೂರದ ಊರಿಗೆ ಕೂಲಿಗೆ ಹೊರಟವರಂತೆ ಕಾಣುತ್ತಿದ್ದ ನಾಲ್ವರು ತರುಣರೂ ಇದ್ದರು. ಅವರಲ್ಲೊಬ್ಬನು ದರಪಟ್ಟಿಯತ್ತ ಕೈತೋರಿಸಿ ಏನೋ ಹೇಳಿದನು. ಉಳಿದ ಮೂವರೂ ಗಟ್ಟಿಯಾಗಿ ನಕ್ಕರು. ದರಪಟ್ಟಿಯ ಮುಂದೆ ನಗುವವರನ್ನು ವಿಮಾನ ನಿಲ್ದಾಣದಲ್ಲಿ ನಾನು ಕಂಡುದು ಅದೇ ಮೊದಲು.

ನನ್ನ ಸರದಿ ಹತ್ತಿರವಾಯಿತು. ಚಿಲ್ಲರೆಗಾಗಿ ಕೈಚೀಲದ ಪಕ್ಕದ ಅರೆಗೆ ಕೈಹಾಕಿದಾಗ ಮಡಿಸಿದ ಕಾಗದವೊಂದು ಸಿಕ್ಕಿತು. ಬಿಚ್ಚಿದೆನು. ದೇವನಹಳ್ಳಿಯ ಮಳಿಗೆಯ ಚೀಟಿ! ಅದರೊಳಗೆ ನಾಲ್ಕು ನೂರರ ನೋಟು, ಮೂರು ಹತ್ತರ ನೋಟು, ಐದರದೊಂದು, ಎರಡರದೊಂದು ನಾಣ್ಯ. ಎಣಿಸುವ ಅಗತ್ಯವಿರಲಿಲ್ಲ, ಆದರೂ ಎಣಿಸಿದೆನು. 437.

ಸಾಲಿನಲ್ಲಿ ನಿಂತಂತೆಯೇ ಅಮ್ಮನಿಗೆ ಫೋನು ಮಾಡಿದೆನು. “ಏನಮ್ಮ ಇದು?” ಎಂದೆನು.

“ಏನಿಲ್ಲ ಕಣೋ. ನಿಮ್ಮಪ್ಪ ಮೇಷ್ಟ್ರು, ಮೂವತ್ತು ವರ್ಷ ಆ ಮನೆಯ ಲೆಕ್ಕ ಬರೆದವಳು ನಾನು. ತೊಂಬತ್ತು ಅಂತ ಹೇಳಿದರೆ ನಂಬಿಬಿಡ್ತೀನಾ? ಅಲ್ಲೇ ಕೊಟ್ಟಿದ್ದರೆ ನೀನು ಇಸ್ಕೋತಿರಲಿಲ್ಲ.” ಸ್ವಲ್ಪ ತಡೆದು ಹೇಳಿದಳು: “ನಾನೂ ಹಸಿವಿಲ್ಲ ಅಂತ ಸುಳ್ಳು ಹೇಳಿದೆನಲ್ಲ. ಇಬ್ಬರದೂ ವಜಾ ಆಯ್ತು. ಏನಾದರೂ ತಿಂದೆಯಾ?”

ಹಿಂದೆ ಮಗು ಅಳುವುದು ಕೇಳಿಸಿತು. “ತಿನ್ನುತ್ತಿದ್ದೇನೆ” ಎಂದೆನು. ಈ ಸಲ ಅದು ಹೆಚ್ಚುಕಡಮೆ ನಿಜವಾಗಿದ್ದಿತು.

ಒಂದು ಸಮೋಸ, ಒಂದು ಚಹಾ. ಅಮ್ಮನ ಮೂರು ಹತ್ತರ ನೋಟುಗಳನ್ನು ಕೊಟ್ಟೆನು. ಚಿಲ್ಲರೆಯ ತಾಪತ್ರಯವಿಲ್ಲದೆ ಲೆಕ್ಕ ಸರಿಹೋಯಿತು. ಚಹಾ ಬಿಸಿಯಾಗಿದ್ದಿತು, ಸಿಹಿ ಸ್ವಲ್ಪ ಮುಂದಾಗಿದ್ದಿತು. ಆ ನಾಲ್ವರು ತರುಣರ ಪಕ್ಕದಲ್ಲಿ, ಗೋಡೆಗೆ ಒರಗಿ, ನಿಂತೇ ಕುಡಿದೆನು.

ಉಳಿದ 407 ರೂಪಾಯಿಗಳನ್ನು ಆ ಚೀಟಿಯಲ್ಲಿಯೇ ಸುತ್ತಿಟ್ಟೆನು. ಮೂರು ತಿಂಗಳ ಬಾಣಂತನ ಮುಗಿದು, ಅಮ್ಮನನ್ನು ಕರೆತರಲು ಮತ್ತೆ ಹೊರಟ ದಿನ ನಾನೇ ಪುಳಿಯೋಗರೆ ಕಲಸಿದೆನು. ಹುಳಿ ಮುಂದಾಗಿದ್ದಿತು. ಡಬ್ಬಿಯನ್ನು ಮಾತ್ರ ಮಂಡ್ಯದಿಂದ ಕೋಲ್ಕತ್ತೆಯವರೆಗೂ ಕೈಯಿಂದ ಬಿಡಲಿಲ್ಲ.